ಲಿನಕ್ಸ್‌ನಲ್ಲಿ ಡ್ರೈವರ್ ಬರೆದೆ, ರೂಟ್‌ಗೆ (ಎಲ್ಲಾ ಹಕ್ಕಿರೋ ಯೂಸರ್) ಬಿಟ್ಟು ಬೇರೆ ಯಾರಿಗೂ ಡಿವೈಸ್ ತೆರೆಯುತ್ತಿಲ್ಲ. ಪರ್ಮಿಷನ್ ಎಲ್ಲಿ ಕೊಡಬೇಕು?

ಬಿಸಿಲೂರ ಹುಡುಗ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಫೋನ್‌ನಿಂದ ಬರೆಯುತ್ತಿದ್ದೇನೆ, ಕೀಬೋರ್ಡ್ ಕನ್ನಡದ್ದು, ಹಾಗಾಗಿ ಕಮಾಂಡು ಕೋಡು ಎಲ್ಲಾ ಕನ್ನಡ ಅಕ್ಷರದಲ್ಲೇ ಇರುತ್ತೆ. ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ.

ನಮ್ಮ ಮಾವನದು ಊರ ಹೊರಗೆ ಸಣ್ಣ ದಾಲ್ ಮಿಲ್ ಇದೆ. ತೊಗರಿ ಚೀಲ ತೂಗುವ ಕಾಟಾ ಹಳೇದಾಗಿತ್ತು. ನನ್ನದು ಇಂಜಿನಿಯರಿಂಗ್ ಕೊನೇ ವರ್ಷ, ಪ್ರಾಜೆಕ್ಟೂ ಆಗುತ್ತೆ ಮಾವನಿಗೂ ಉಪಯೋಗ ಅಂತ ರಾಸ್ಪ್‌ಬೆರಿ ಪೈ ಅನ್ನೋ ಸಣ್ಣ ಕಂಪ್ಯೂಟರ್‌ಗೆ ಲೋಡ್ ಸೆಲ್ (ತೂಕದ ಸೆನ್ಸರ್) ಕಟ್ಟಿ, ನಡುವೆ ಅದರ ಸಿಗ್ನಲ್ ಅನ್ನು ಸಂಖ್ಯೆ ಮಾಡೋ ಎಚ್‌ಎಕ್ಸ್711 ಚಿಪ್ ಹಾಕಿದೆ. ಮೊದಲು ಪೈಥಾನ್‌ನಲ್ಲೇ ಓದುತ್ತಿದ್ದೆ. ಆದರೆ ಆ ಚಿಪ್‌ನ ಕ್ಲಾಕ್ ಪಿನ್ 60 ಮೈಕ್ರೋಸೆಕೆಂಡ್‌ಗಿಂತ ಜಾಸ್ತಿ ಹೊತ್ತು ಹೈ ಆಗಿಯೇ ನಿಂತರೆ ಅದು ನಿದ್ದೆಗೆ ಹೋಗಿಬಿಡುತ್ತೆ. ಪೈಥಾನ್ ಎಲ್ಲೋ ಒಂದು ಕಡೆ ತಡವರಿಸಿದರೆ ಸಾಕು, ತುಂಬಿದ ಚೀಲ ಇದ್ದಕ್ಕಿದ್ದಂತೆ ಮೈನಸ್‌ನಲ್ಲಿ ತೂಗುತ್ತಿತ್ತು, ಹಮಾಲರು ನಗುತ್ತಿದ್ದರು. ಅದಕ್ಕೇ ಕರ್ನೆಲ್ (ಲಿನಕ್ಸ್‌ನ ತಿರುಳು) ಒಳಗೇ ಸೇರಿಕೊಂಡು ಓಡೋ ಮಾಡ್ಯೂಲ್ ಆಗಿ ಡ್ರೈವರ್ ಬರೆದೆ. ಈಗ /ಡೆವ್/ಕಾಟಾ0 ಅಂತ ಒಂದು ಕ್ಯಾರೆಕ್ಟರ್ ಡಿವೈಸ್ ಬರುತ್ತೆ, ಫೈಲ್ ಹಾಗೆ ಓದಿದರೆ ತೂಕ ಸಿಗುತ್ತೆ. ಐಓಕ್ಟಲ್ (ಡಿವೈಸ್‌ಗೆ ಕಮಾಂಡ್ ಕೊಡೋ ಕರೆ) ಎರಡು ಇಟ್ಟಿದ್ದೇನೆ: ಒಂದು ಟೇರ್, ಅಂದರೆ ಸೊನ್ನೆ ಮಾಡೋದಕ್ಕೆ, ಇನ್ನೊಂದು ಕ್ಯಾಲಿಬ್ರೇಷನ್ ಸಂಖ್ಯೆ, ಅಂದರೆ ಸೆನ್ಸರ್ ಓದಿದ್ದನ್ನು ತೂಕಕ್ಕೆ ತಿರುಗಿಸೋ ಸಂಖ್ಯೆ ಹಾಕೋದಕ್ಕೆ.

ತೊಂದರೆ ಏನಂದ್ರೆ ರೂಟ್ ಆಗಿದ್ದರೆ ಮಾತ್ರ ತೆರೆಯುತ್ತೆ. ಮುನೀಮರ ಲಾಗಿನ್‌ನಿಂದ ಬಿಲ್ ಪ್ರೋಗ್ರಾಂ ಓಡಿಸಿದರೆ ಪರ್ಮಿಷನ್ ಡಿನೈಡ್. ಸಿಎಚ್‌ಮಾಡ್ 666 ಹೊಡೆದು ಎಲ್ಲರಿಗೂ ಓದೋ ಬರೆಯೋ ಹಕ್ಕು ಕೊಟ್ಟೆ, ನಡೀತು. ಮರುದಿನ ಕರೆಂಟ್ ಹೋಗಿ ಬಂತು, ಮತ್ತೆ ಡಿನೈಡ್. ಬೂಟ್ ಸ್ಕ್ರಿಪ್ಟ್‌ನಲ್ಲಿ ಸಿಎಚ್‌ಮಾಡ್ ಹಾಕಿದರೆ ಒಮ್ಮೊಮ್ಮೆ ನಡೆಯುತ್ತೆ, ಒಮ್ಮೊಮ್ಮೆ ಸ್ಕ್ರಿಪ್ಟ್ ಓಡೋ ಹೊತ್ತಿಗೆ ಮಾಡ್ಯೂಲೇ ಲೋಡ್ ಆಗಿರೋದಿಲ್ಲ. ಸಾಕಾಗಿ ಬಿಲ್ ಪ್ರೋಗ್ರಾಂಗೇ ಸುಡೋ ಕೊಟ್ಟು ರೂಟ್ ಆಗಿ ಓಡಿಸಿದೆ. ಆಗ ಬಿಲ್ ಫೈಲುಗಳೆಲ್ಲ ರೂಟ್ ಹೆಸರಲ್ಲಿ ಸೇವ್ ಆಗಿ, ಮರುದಿನ ಮುನೀಮರಿಗೆ ತಮ್ಮದೇ ಬಿಲ್ ತಿದ್ದೋಕೆ ಆಗಲಿಲ್ಲ.

ಇದನ್ನು ಡ್ರೈವರ್ ಒಳಗೇ ಹೇಳಬೇಕಾ, ಹೊರಗಿನಿಂದ ಹೇಳಬೇಕಾ? ಸರಿಯಾದ ಪದ್ಧತಿ ಯಾವುದು?

ಹಳೇ ಕರ್ನೆಲ್, ಬೀದರ್

ತಮ್ಮಾ, ಮೊದಲನೇ ಮಾತು. ಎಚ್‌ಎಕ್ಸ್711ಗೆ ಕರ್ನೆಲ್‌ನಲ್ಲೇ ಡ್ರೈವರ್ ಇದೆ, ಐಐಓ ಅನ್ನೋ ಸೆನ್ಸರ್ ಡ್ರೈವರ್‌ಗಳ ಫೋಲ್ಡರ್‌ನಲ್ಲಿ ನೋಡು. ಆದರೂ ಕಲಿಯೋಕೆ ಅಂತ ಬರೆದಿದ್ದರೆ ಬರಿ, ನಾನೂ ಹಾಗೇ ಕಲಿತದ್ದು.

ಈಗ ಸಿಎಚ್‌ಮಾಡ್ ಯಾಕೆ ನಿಲ್ಲೋದಿಲ್ಲ ಅಂತ. /ಡೆವ್ ಅನ್ನೋದು ನಿನ್ನ ಎಸ್‌ಡಿ ಕಾರ್ಡ್ ಮೇಲೆ ಇರೋ ಫೋಲ್ಡರ್ ಅಲ್ಲ. ಅದು ಡೆವ್‌ಟೆಂಪ್‌ಎಫ್‌ಎಸ್, ಪೂರಾ ರ‍್ಯಾಮ್‌ನಲ್ಲಿ ಇರುತ್ತೆ. 2009ರಲ್ಲಿ ಕರ್ನೆಲ್ 2.6.32 ಬಂದಾಗಿನಿಂದ ಡ್ರೈವರ್ ಡಿವೈಸ್ ರಿಜಿಸ್ಟರ್ ಮಾಡಿದ ಕೂಡಲೇ ಕರ್ನೆಲ್ ತಾನೇ ಅಲ್ಲಿ ನೋಡ್ (ಡಿವೈಸ್‌ನ ಫೈಲ್) ಹುಟ್ಟಿಸುತ್ತೆ. ನೀನು ಮೋಡ್ (ಮಾಲೀಕ, ಗ್ರೂಪ್, ಉಳಿದವರು ಅಂತ ಒಬ್ಬೊಬ್ಬರ ಹಕ್ಕಿಗೆ ಒಂದೊಂದು ಅಂಕಿ, 4 ಅಂದರೆ ಓದೋದು, 6 ಅಂದರೆ ಓದೋದೂ ಬರೆಯೋದೂ) ಏನೂ ಹೇಳದೇ ಇದ್ದರೆ 0600, ಮಾಲೀಕ ರೂಟ್. ಮಾಡ್ಯೂಲ್ ತೆಗೆದರೆ ನೋಡ್ ಸತ್ತಿತು, ಹಾಕಿದರೆ ಹೊಸಾದು ಹುಟ್ಟಿತು. ನೀನು ಸಿಎಚ್‌ಮಾಡ್ ಹೊಡೆದದ್ದು ಹಳೇ ನೋಡ್‌ಗೆ. ಹೊಸದಕ್ಕೆ ಅದೇನು ಗೊತ್ತು?

ದಾರಿ ಎರಡು. ಒಂದು, ಡ್ರೈವರ್‌ನಲ್ಲೇ ಹೇಳೋದು. ಮಿಸ್ಕ್ ಡಿವೈಸ್ (ಚಿಲ್ಲರೆ ಡಿವೈಸ್‌ಗಳಿಗೆ ಇರೋ ಸುಲಭ ದಾರಿ) ಮಾಡಿದ್ದರೆ ಆ ಸ್ಟ್ರಕ್ಟ್‌ನಲ್ಲಿ ಮೋಡ್ ಅಂತಲೇ ಒಂದು ಜಾಗ ಇದೆ. ನೀನೇ ಡಿವೈಸ್ ಕ್ಲಾಸ್ ಮಾಡಿದ್ದರೆ ಡೆವ್‌ನೋಡ್ ಅನ್ನೋ ಕಾಲ್‌ಬ್ಯಾಕ್ ಕೊಡಬೇಕು. /ಡೆವ್/ನಲ್, /ಡೆವ್/ಝೀರೋ ಎಲ್ಲರಿಗೂ 0666 ಆಗಿ ಬರೋದು ಹೀಗೇ. ಮೆಮ್ ಡ್ರೈವರ್ ತೆಗೆದು ನೋಡು, ಸಾಲುಸಾಲಾಗಿ ಬರೆದಿದ್ದಾರೆ, ಅದೇ ಪಟ್ಟಿಯಲ್ಲಿ /ಡೆವ್/ಮೆಮ್‌ಗೆ ಮಾತ್ರ ಏನೂ ಕೊಟ್ಟಿಲ್ಲ, ಅದು ಬಿಗಿಯಾಗೇ ಉಳಿಯುತ್ತೆ. ಕ್ಲಾಸ್ ದಾರಿ ಹಿಡಿದರೆ ಹಳೇ ಬ್ಲಾಗುಗಳನ್ನು ಕಣ್ಣು ಮುಚ್ಚಿ ಕಾಪಿ ಹೊಡೆಯಬೇಡ, ಕರ್ನೆಲ್ 6.4ರಿಂದ ಕ್ಲಾಸ್ ಕ್ರಿಯೇಟ್‌ಗೆ ಒಂದೇ ಆರ್ಗ್ಯುಮೆಂಟ್.

ಎರಡನೇದು ಯುಡೆವ್, ಡಿವೈಸ್ ಬಂದಾಗ ನಾವು ಬರೆದಿಟ್ಟ ರೂಲ್ ಹಾಕೋ ಹೊರಗಿನ ಪ್ರೋಗ್ರಾಂ. ನನ್ನನ್ನು ಕೇಳಿದರೆ ಇದೇ ಸರಿ. ನಿನ್ನ ಡ್ರೈವರ್‌ಗೆ ಮಿಲ್ಲಿನಲ್ಲಿ ಮುನೀಮರು ಯಾರು, ಮಾಲೀಕರು ಯಾರು ಅಂತ ಗೊತ್ತಿರೋದಿಲ್ಲ, ಗೊತ್ತಿರಲೂ ಬಾರದು. ನಾಳೆ ಇದೇ ಡ್ರೈವರ್ ಗಂಜ್‌ನಲ್ಲಿ ಯಾವುದೋ ಅಡತ್ ಅಂಗಡಿಗೆ ಹೋದರೆ ಅಲ್ಲಿ ಲೆಕ್ಕ ಬೇರೆ ಇರುತ್ತೆ. ಡ್ರೈವರ್ ಬಿಗಿಯಾಗಿ ಹುಟ್ಟಲಿ, ಯಾರಿಗೆ ಸಡಿಲ ಮಾಡಬೇಕು ಅನ್ನೋದು ಆ ಮಷೀನಿನವನ ಕೆಲಸ.

/ಇಟಿಸಿ/ಯುಡೆವ್/ರೂಲ್ಸ್.ಡಿ ಒಳಗೆ ಒಂದು ಫೈಲ್ ಮಾಡು, ಹೆಸರಿನ ಕೊನೆಗೆ .ರೂಲ್ಸ್ ಇರಲೇಬೇಕು, ಇಲ್ಲದಿದ್ದರೆ ಅದನ್ನು ಮುಟ್ಟೋದೇ ಇಲ್ಲ. ಒಳಗೆ ಒಂದೇ ಸಾಲು:

ಕರ್ನೆಲ್=="ಕಾಟಾ0", ಗ್ರೂಪ್="ತೂಕ", ಮೋಡ್="0660"

ಇಂಗ್ಲಿಷ್‌ನಲ್ಲಿ ದೊಡ್ಡಕ್ಷರದಲ್ಲಿ ಟೈಪ್ ಮಾಡಬೇಕು ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ. ಎರಡು ಈಕ್ವಲ್ ಅಂದರೆ ಹೋಲಿಸಿ ನೋಡು, ಒಂದು ಈಕ್ವಲ್ ಅಂದರೆ ಹಾಕು. ನೂರಕ್ಕೆ ತೊಂಬತ್ತು ಜನ ಇಲ್ಲೇ ಬೀಳ್ತಾರೆ.

ಗ್ರೂಪ್ ಮೊದಲು ಮಾಡಿಕೋ, ಸಿಸ್ಟಮ್ ಗ್ರೂಪ್ ಆಗಿಯೇ ಮಾಡು. ಮುನೀಮರನ್ನು ಅದಕ್ಕೆ ಸೇರಿಸುವಾಗ ಯೂಸರ್‌ಮಾಡ್ ಮೈನಸ್ ಎ ಜಿ. ಆ ಸಣ್ಣ ಎ ಬಿಟ್ಟು ಬರೀ ಜಿ ಕೊಟ್ಟರೆ ಅವರು ಇದ್ದ ಉಳಿದ ಗ್ರೂಪುಗಳಿಂದೆಲ್ಲ ಹೊರಗೆ ಬೀಳ್ತಾರೆ. ನಾನು ಒಮ್ಮೆ ನನ್ನನ್ನೇ ಸುಡೋ ಗ್ರೂಪ್‌ನಿಂದ ಹೊರಗೆ ಹಾಕಿಕೊಂಡು ರಾತ್ರಿ ಹನ್ನೊಂದಕ್ಕೆ ರಿಕವರಿ ಮೋಡ್‌ನಲ್ಲಿ ಕೂತಿದ್ದೆ. ಸೇರಿಸಿದ ಮೇಲೆ ಲಾಗೌಟ್ ಆಗಿ ಲಾಗಿನ್ ಆಗಬೇಕು, ಓಡುತ್ತಿರೋ ಸೆಷನ್‌ಗೆ ಹೊಸ ಗ್ರೂಪ್ ಬರೋದಿಲ್ಲ. ಆಮೇಲೆ ಯುಡೆವ್‌ಎಡಿಎಂ ಕಂಟ್ರೋಲ್ ರೀಲೋಡ್, ಯುಡೆವ್‌ಎಡಿಎಂ ಟ್ರಿಗರ್. ಇಷ್ಟೇ.

ಪುಂಡಿಪಲ್ಯ

ಇಷ್ಟೆಲ್ಲ ಯಾಕ್ರೀ. ಮಿಸ್ಕ್ ಡಿವೈಸ್‌ನಲ್ಲಿ ಮೋಡ್ 0666 ಹಾಕಿ ಮುಗಿಸಿ. ದಾಲ್ ಮಿಲ್ಲಿಗೆ ಬಂದು ಯಾರು ಹ್ಯಾಕ್ ಮಾಡ್ತಾರೆ? ನೆಟ್ ಕೂಡಾ ಇರೋದಿಲ್ಲ ಅಲ್ಲಿ.

ಭೀಮಾ ತೀರದವಳು, ಯಾದಗಿರಿ

ಪುಂಡಿಪಲ್ಯದವರೇ, ಹ್ಯಾಕರ್ ಬರಬೇಕಾಗಿಲ್ಲ. ನಮ್ಮವರೇ ಸಾಕು.

ನಾನು ಮೊದಲು ಇದ್ದ ಕೆಲಸದಲ್ಲಿ ಹತ್ತಿ ತೂಗುವ ಒಂದು ಕಡೆ ಇಂಥದ್ದೇ ಸಿಸ್ಟಮ್ ಹಾಕಿದ್ದೆವು. ನೋಡ್ 0666. ನಾನೇ ಇಟ್ಟಿದ್ದು, ಬೇರೆಯವರ ಮೇಲೆ ಹಾಕೋದಿಲ್ಲ. ಟ್ರೇನಿ ಹುಡುಗ ಒಬ್ಬ ಟೆಸ್ಟ್ ಪ್ರೋಗ್ರಾಂ ಬರೆದಿದ್ದ, ಅದು ಎಲ್ಲಾ ಐಓಕ್ಟಲ್‌ಗಳನ್ನೂ ಒಂದೊಂದು ಸಲ ಕರೆದು ಸರಿ ಇದೆಯಾ ಅಂತ ನೋಡೋದು. ಅದರಲ್ಲಿ ಕ್ಯಾಲಿಬ್ರೇಷನ್‌ಗೆ 100 ಅಂತ ಸುಮ್ನೆ ಒಂದು ಸಂಖ್ಯೆ ಇತ್ತು. ಹುಡುಗ ಊರಿಗೆ ಹೋದ, ಪ್ರೋಗ್ರಾಂನ ಐಕಾನ್ ಡೆಸ್ಕ್‌ಟಾಪ್ ಮೇಲೇ ಉಳೀತು. ಗುಮಾಸ್ತರು ಒಂದು ಬೆಳಿಗ್ಗೆ ಇದೇನೋ ಹೊಸದು ಅಂತ ಡಬಲ್ ಕ್ಲಿಕ್ ಮಾಡಿದರು. ಕಿಟಕಿ ತೆರೆದು ಮುಚ್ಚಿತು, ಅವರು ಮರೆತೂ ಬಿಟ್ಟರು. ತೂಕ ಪೂರಾ ತಪ್ಪಾಗಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಆದರೆ ನಮ್ಮ ನಿಜವಾದ ಸಂಖ್ಯೆ ಇದ್ದದ್ದು 98 ಚಿಲ್ಲರೆ. ವ್ಯತ್ಯಾಸ ಕಣ್ಣಿಗೆ ಬೀಳದಷ್ಟು ಸಣ್ಣದು, ರೈತನ ಜೇಬಿಗೆ ಬೀಳೋವಷ್ಟು ದೊಡ್ಡದು. ಮೂರು ದಿನ ಆದ ಮೇಲೆ ಒಬ್ಬ ಅಜ್ಜ ಬೇರೆ ಕಡೆ ತೂಗಿಸಿಕೊಂಡು ಬಂದು ಜಗಳಕ್ಕೆ ನಿಂತಾಗಲೇ ನಮಗೆ ತಿಳಿದದ್ದು. ಅಜ್ಜನ ಲೆಕ್ಕವೇ ಸರಿ ಇತ್ತು.

ಬಿಸಿಲೂರ ಹುಡುಗಾ, ನಿನಗೊಂದು ಪ್ರಶ್ನೆ. ಮೇಲಿನ ಯುಡೆವ್ ರೂಲ್ ಹಾಕಿದ ಮೇಲೆ ಮುನೀಮರು ತೂಕ ಓದುತ್ತಾರೆ, ಸರಿ. ಅವರೇ ಕ್ಯಾಲಿಬ್ರೇಷನ್ ಬದಲಾಯಿಸೋಕೆ ಹೋದರೆ ನಿನ್ನ ಡ್ರೈವರ್ ಏನು ಮಾಡುತ್ತೆ?

ಬಿಸಿಲೂರ ಹುಡುಗ, ಕಲಬುರಗಿ

ಹಳೇ ಕರ್ನೆಲ್ ಅಣ್ಣಾ, ನಡೀತು! ತೊಂಬತ್ತು ಜನರಲ್ಲಿ ನಾನೂ ಒಬ್ಬ. ಕರ್ನೆಲ್ ಮುಂದೆ ಒಂದೇ ಈಕ್ವಲ್ ಹಾಕಿದ್ದೆ, ಅರ್ಧ ಗಂಟೆ ತಲೆ ಕೆಡಿಸಿಕೊಂಡು ಆಮೇಲೆ ಜರ್ನಲ್ ನೋಡಿದರೆ ಯುಡೆವ್ ಅಲ್ಲಿ ಬೈದಿಟ್ಟಿತ್ತು. ಈಗ ಎಷ್ಟು ಸಲ ರೀಬೂಟ್ ಮಾಡಿದರೂ ಗ್ರೂಪ್ ತೂಕ, 0660.

ಅಕ್ಕಾ, ನಿಮ್ಮ ಪ್ರಶ್ನೆ ಓದಿ ಟೆಸ್ಟ್ ಮಾಡಿದೆ. ಮುನೀಮರ ಲಾಗಿನ್‌ನಿಂದ ಕ್ಯಾಲಿಬ್ರೇಷನ್ ಬದಲಾಯಿತು. ಯಾರೂ ತಡೆಯಲಿಲ್ಲ. ನಾನು ಆ ಕಮಾಂಡ್‌ಗೆ _ಐಓಡಬ್ಲ್ಯೂ ಮ್ಯಾಕ್ರೋ ಬಳಸಿದ್ದೆ, ಅದರಲ್ಲಿ ಡಬ್ಲ್ಯೂ ಅಂದರೆ ರೈಟ್, ಆದ್ದರಿಂದ ರೈಟ್ ಪರ್ಮಿಷನ್ ಇದ್ದವರಿಗೆ ಮಾತ್ರ ಅಂತ ಅಂದುಕೊಂಡಿದ್ದೆ. ಓದೋಕೆ ಮಾತ್ರ ತೆರೆದು ನೋಡಿದೆ, ಆಗಲೂ ಬದಲಾಯಿತು.

ಇನ್ನೊಂದು ವಿಚಿತ್ರ. ಬಿಲ್ ಪ್ರೋಗ್ರಾಂ ಓಡುತ್ತಿರುವಾಗಲೇ ನೋಡ್‌ಗೆ ಸಿಎಚ್‌ಮಾಡ್ 0600 ಹೊಡೆದೆ. ಅದು ನಿಲ್ಲಲೇ ಇಲ್ಲ, ಆರಾಮಾಗಿ ತೂಕ ಓದುತ್ತಾ ಹೋಯಿತು. ಇದು ಬಗ್ಗಾ?

ಭೀಮಾ ತೀರದವಳು, ಯಾದಗಿರಿ

ಬಗ್ ಅಲ್ಲ. ಎರಡೂ ಒಂದೇ ಬೇರಿನಿಂದ ಬಂದದ್ದು.

ಮೋಡ್ ಬಿಟ್ಟುಗಳನ್ನು ಕರ್ನೆಲ್ ನೋಡೋದು ಓಪನ್ ಆಗುವಾಗ, ಒಂದೇ ಸಲ. ಮದುವೆ ಮನೆ ಬಾಗಿಲಲ್ಲಿ ನಿಂತವನು ಒಳಗೆ ಬಿಟ್ಟ ಮೇಲೆ ಊಟದ ಸಾಲಿಗೆ ಬಂದು ನೀನು ಯಾರ ಕಡೆಯವನು ಅಂತ ಕೇಳೋದಿಲ್ಲ. ತೆರೆದು ಕೂತಿರೋ ಪ್ರೋಗ್ರಾಂಗೆ ನೀನು ಆಮೇಲೆ ಹೊಡೆದ ಸಿಎಚ್‌ಮಾಡ್ ತಟ್ಟೋದಿಲ್ಲ. ಓಪನ್ ಆದಾಗ ಓದೋಕೆ ಬಂದವನಾ, ಬರೆಯೋಕೂ ಬಂದವನಾ ಅನ್ನೋದನ್ನು ಮಾತ್ರ ಆ ಫೈಲ್ ಸ್ಟ್ರಕ್ಟ್‌ನ ಎಫ್_ಮೋಡ್‌ನಲ್ಲಿ ಗುರುತು ಹಾಕಿ ಇಟ್ಟಿರುತ್ತೆ. ರೀಡ್ ರೈಟ್ ಕರೆ ಬಂದರೆ ಆ ಗುರುತನ್ನು ಕರ್ನೆಲ್ಲೇ ನೋಡುತ್ತೆ. ಐಓಕ್ಟಲ್ ಬಂದರೆ ನೋಡೋದಿಲ್ಲ, ಸೀದಾ ನಿನ್ನ ಫಂಕ್ಷನ್‌ಗೆ ತಂದು ಬಿಡುತ್ತೆ. _ಐಓಡಬ್ಲ್ಯೂನ ಡಬ್ಲ್ಯೂ ಬರೀ ಡೇಟಾ ಯಾವ ಕಡೆ ಹರಿಯುತ್ತೆ ಅಂತ ಹೇಳೋ ಗುರುತು, ಅದು ಕಾವಲು ಅಲ್ಲ. ಕಾವಲು ನೀನೇ ಹಾಕಬೇಕು. ಕ್ಯಾಲಿಬ್ರೇಷನ್ ಕೇಸ್‌ನ ಮೊದಲನೇ ಸಾಲು ಇದು:

ಇಫ್ (!(ಫೈಲ್->ಎಫ್_ಮೋಡ್ & ಎಫ್‌ಮೋಡ್_ರೈಟ್)) ರಿಟರ್ನ್ -ಇಪರ್ಮ್;

ಆಮೇಲೆ ಯುಡೆವ್ ರೂಲ್‌ನಲ್ಲಿ 0660 ತೆಗೆದು 0640 ಮಾಡು. ಈಗ ಗ್ರೂಪ್‌ನವರು ಓದೋಕೆ ಮಾತ್ರ ತೆರೆಯಬಹುದು, ಹಾಗಾಗಿ ಕ್ಯಾಲಿಬ್ರೇಷನ್ ಅವರ ಕೈಗೆ ಸಿಗೋದಿಲ್ಲ. ಡ್ರೈವರ್ ಹೇಳುತ್ತೆ ಬರೆಯೋ ಹಕ್ಕು ಇದ್ದವನು ಮಾತ್ರ ಅಂತ, ಆ ಹಕ್ಕು ಯಾರಿಗೆ ಅನ್ನೋದನ್ನು ರೂಲ್ ಹೇಳುತ್ತೆ.

ಟೇರ್ ಬೇರೆ ಮಾತು. ಖಾಲಿ ತಟ್ಟೆ ಇಟ್ಟು ಸೊನ್ನೆ ಮಾಡೋದು ಮುನೀಮರು ದಿನಕ್ಕೆ ಹತ್ತು ಸಲ ಮಾಡ್ತಾರೆ, ಅದನ್ನು ತಡೆದರೆ ಸಂಜೆಯೊಳಗೆ ನಿನ್ನ ಕಾಟಾ ಮೂಲೆ ಸೇರುತ್ತೆ. ಅದಕ್ಕೆ ಎಫ್_ಮೋಡ್ ಚೆಕ್ ಬೇಡ. ಆದರೆ ತಟ್ಟೆ ಮೇಲೆ ಅರ್ಧ ಚೀಲ ಇದ್ದಾಗ ಟೇರ್ ಒತ್ತಿದರೆ ಒಪ್ಪಬಾರದು, ಅದಕ್ಕೊಂದು ಮಿತಿ ಇಡು. ಕ್ಯಾಲಿಬ್ರೇಷನ್‌ಗೂ ಕೆಳಗಿನ ಮೇಲಿನ ಮಿತಿ ಇಡು, ಸೊನ್ನೆ ಬಂದರೆ ಭಾಗಾಕಾರವೇ ಕೆಡುತ್ತೆ. ಪರ್ಮಿಷನ್ ಇದ್ದವನೂ ತಪ್ಪು ಒತ್ತುತ್ತಾನೆ.

ಕೆಲವರು ಇದಕ್ಕೆ ಕೇಪಬಲ್ ಅನ್ನೋ ಫಂಕ್ಷನ್ ಕರೆದು ಕ್ಯಾಪ್_ಸಿಸ್_ಅಡ್ಮಿನ್ (ಅಡ್ಮಿನ್ ಹಕ್ಕು) ಚೆಕ್ ಹಾಕು ಅಂತಾರೆ. ನನಗೆ ಅದು ಹಿಡಿಸೋದಿಲ್ಲ. ಆ ಒಂದು ಕೇಪಬಿಲಿಟಿಯ ಕೆಳಗೆ ಮೌಂಟ್ ಮಾಡೋದರಿಂದ ಹಿಡಿದು ಏನೇನೋ ತುಂಬಿದೆ. ಕಾಟಾ ರಿಪೇರಿಗೆ ಬಂದವನಿಗೆ ಮಿಲ್ಲಿನ ಎಲ್ಲಾ ಕೀಲಿಕೈ ಗೊಂಚಲು ಯಾಕೆ ಕೊಡಬೇಕು?

ಹಳೇ ಕರ್ನೆಲ್, ಬೀದರ್

ಅಕ್ಕ ಹೇಳಿದ್ದು ಪಕ್ಕಾ. ನಾನು 0660 ಅಂತ ಬರೆದದ್ದು ನನ್ನ ತಪ್ಪು, ಐಓಕ್ಟಲ್ ಇದೆ ಅನ್ನೋದನ್ನು ಓದಿಯೂ ಮರೆತೆ.

ಎರಡು ಸಣ್ಣ ಮಾತು ಸೇರಿಸ್ತೀನಿ. ಕ್ಯಾಲಿಬ್ರೇಷನ್ ಅನ್ನು ಐಓಕ್ಟಲ್ ಬದಲು ಸಿಸ್‌ಎಫ್‌ಎಸ್‌ನಲ್ಲಿ (ಡ್ರೈವರ್‌ನ ಸೆಟ್ಟಿಂಗುಗಳು ಫೈಲಾಗಿ ಕಾಣೋ /ಸಿಸ್ ಫೋಲ್ಡರ್) ಒಂದು ಫೈಲಾಗಿ ಇಡಬಹುದು. ಐಐಓನವರು ಮಾಡಿರೋದು ಅದನ್ನೇ, ಸ್ಕೇಲ್ ಫೈಲ್ 0644. ಡಿವೈಸ್ ಆ್ಯಟ್ರ್ ಆರ್‌ಡಬ್ಲ್ಯೂ ಮ್ಯಾಕ್ರೋ ಬಳಸಿದರೆ ತಾನೇ 0644 ಆಗುತ್ತೆ. ಪುಂಡಿಪಲ್ಯದವರ ಹಾಗೆ ಅಲ್ಲಿ 0666 ಬರೆದರೆ ಮಾಡ್ಯೂಲ್ ಕಂಪೈಲೇ ಆಗೋದಿಲ್ಲ, ಎಲ್ಲರೂ ಬರೆಯಬಹುದಾದ ಸಿಸ್‌ಎಫ್‌ಎಸ್ ಫೈಲ್ ಕಂಡರೆ ಆ ಮ್ಯಾಕ್ರೋನೇ ಬಿಲ್ಡ್ ನಿಲ್ಲಿಸಿಬಿಡುತ್ತೆ.

ಎರಡನೇದು ಮುಖ್ಯ. ಮುನೀಮರು ಲಾಗಿನ್ ಆಗೋದು ಯಾವ ಯೂಸರ್‌ನಿಂದ? ಪೈ ಸೆಟಪ್ ಮಾಡುವಾಗ ಮೊದಲು ಮಾಡಿದ ಯೂಸರ್‌ಗೆ ಪಾಸ್‌ವರ್ಡ್ ಕೇಳದೇ ಸುಡೋ ಕೊಡೋ ರೂಢಿ ಬಹಳ ಕಾಲ ಇತ್ತು. ಮುನೀಮರು ಅದೇ ಯೂಸರ್ ಆಗಿದ್ದರೆ ನೀನು 0640 ಹಾಕಿದರೂ ಅಷ್ಟೇ 0000 ಹಾಕಿದರೂ ಅಷ್ಟೇ, ಬಾಗಿಲಿಗೆ ಬೀಗ ಜಡಿದು ಕೀಲಿಕೈ ಅಲ್ಲೇ ಮೊಳೆಗೆ ನೇತು ಹಾಕಿದ ಹಾಗೆ. ಬೇರೆ ಯೂಸರ್ ಮಾಡು. ಅವರನ್ನು ಜಿಪಿಐಓ (ಪೈನ ಪಿನ್ನುಗಳ) ಗ್ರೂಪ್‌ಗೂ ಸೇರಿಸಬೇಡ, ಆ ಗ್ರೂಪ್‌ಗೆ /ಡೆವ್/ಜಿಪಿಐಓಮೆಮ್ ಸಿಗುತ್ತೆ, ಅಲ್ಲಿಂದ ನಿನ್ನ ಡ್ರೈವರ್ ದಾಟಿ ಸೀದಾ ಪಿನ್ನುಗಳನ್ನೇ ಅಲ್ಲಾಡಿಸಬಹುದು.

ನೀಲಿ ಪರದೆ, ಊರು ಕಲಬುರಗಿ, ಸದ್ಯ ಹೈದರಾಬಾದ್

ನಾನು ವಿಂಡೋಸ್ ಡ್ರೈವರ್ ಕಡೆಯವನು. ನಮ್ಮಲ್ಲಿ ಇದೇ ಸಮಸ್ಯೆಗೆ ಬೇರೆ ರೂಪ ಇದೆ, ಮಜಾ ಅನ್ನಿಸಿತು ಅಂತ ಬರೆಯುತ್ತಿದ್ದೇನೆ.

ನಮಗೆ ಮೂರು ಅಂಕಿಯ ಮೋಡ್ ಇಲ್ಲ, ಯಾರಿಗೆ ಯಾವ ಹಕ್ಕು ಅಂತ ಹೇಳೋ ಎಸ್‌ಡಿಡಿಎಲ್ ಅಂತ ಒಂದು ಸಾಲು ಇರುತ್ತೆ. ಮಂತ್ರದ ಹಾಗೆ ಕಾಣುತ್ತೆ ಆದರೆ ಬಿಡಿಸಿ ಓದಿದರೆ ಸುಲಭ. ಡಿ:ಪಿ(ಎ;;ಜಿಎ;;;ಎಸ್‌ವೈ)(ಎ;;ಜಿಎ;;;ಬಿಎ) ಅಂದರೆ ಸಿಸ್ಟಮ್‌ಗೆ ಪೂರ್ತಿ ಹಕ್ಕು, ಅಡ್ಮಿನಿಸ್ಟ್ರೇಟರ್‌ಗಳಿಗೆ ಪೂರ್ತಿ ಹಕ್ಕು, ಉಳಿದವರಿಗೆ ಏನಿಲ್ಲ. ಕೊನೆಯ ಎರಡು ಅಕ್ಷರದ ಜಾಗಕ್ಕೆ ಡಬ್ಲ್ಯೂಡಿ ಬಂದರೆ ಎಲ್ಲರೂ ಅಂತ, ಅದೇ ನಿಮ್ಮ 0666ರ ಅಣ್ಣ. ಇದನ್ನು ಡಿವೈಸ್ ಹುಟ್ಟಿಸೋ ಐಓಕ್ರಿಯೇಟ್‌ಡಿವೈಸ್‌ಸೆಕ್ಯೂರ್ ಫಂಕ್ಷನ್‌ಗೆ ಕೊಡಬಹುದು, ಇಲ್ಲಾ ಡ್ರೈವರ್ ಇನ್‌ಸ್ಟಾಲ್ ಮಾಡೋ ಐಎನ್ಎಫ್ ಫೈಲ್‌ನಲ್ಲಿ ಸೆಕ್ಯೂರಿಟಿ ಅಂತ ಬರೆಯಬಹುದು, ಐಎನ್ಎಫ್‌ನದು ನಿಮ್ಮ ಯುಡೆವ್ ಇದ್ದ ಹಾಗೆ.

ಇಲ್ಲಿ ಒಂದು ಹಳ್ಳ ಇದೆ, ನಾನೇ ಬಿದ್ದಿದ್ದೇನೆ. ಡಿವೈಸ್ ಮಾಡುವಾಗ ಫೈಲ್_ಡಿವೈಸ್_ಸೆಕ್ಯೂರ್_ಓಪನ್ ಅನ್ನೋ ಫ್ಲ್ಯಾಗ್ ಹಾಕದೇ ಬಿಟ್ಟರೆ, ಡಿವೈಸ್ ಹೆಸರಿನ ಕೊನೆಗೆ ಒಂದು ಸ್ಲ್ಯಾಶ್ ಹಾಕಿ ಏನೋ ಒಂದು ಹೆಸರು ಸೇರಿಸಿ ತೆರೆದವನಿಗೆ ನೀವು ಕಷ್ಟಪಟ್ಟು ಬರೆದ ಆ ಎಸ್‌ಡಿಡಿಎಲ್ ಅಡ್ಡ ಬರೋದೇ ಇಲ್ಲ. ಆ ಒಳಗಿನ ಹೆಸರುಗಳ ಕಾವಲು ಡ್ರೈವರ್‌ನದೇ ಅಂತ ಸಿಸ್ಟಮ್ ಕೈ ತೊಳೆದುಕೊಳ್ಳುತ್ತೆ.

ಐಓಕ್ಟಲ್ ವಿಷಯದಲ್ಲಿ ಮಾತ್ರ ನಾವು ಸ್ವಲ್ಪ ಆರಾಮ. ಕಮಾಂಡ್ ಕೋಡ್ ಮಾಡುವಾಗಲೇ ಫೈಲ್_ರೈಟ್_ಡೇಟಾ ಅಂತ ಬರೆದರೆ, ಹ್ಯಾಂಡಲ್‌ಗೆ ಆ ಹಕ್ಕು ಇದೆಯಾ ಅಂತ ಐಓ ಮ್ಯಾನೇಜರ್ ತಾನೇ ನೋಡಿ ಹಿಂದಕ್ಕೆ ಕಳಿಸುತ್ತೆ. ಬಿಸಿಲೂರ ಹುಡುಗ ಲಿನಕ್ಸ್‌ನಲ್ಲಿ ಏನು ಆಗುತ್ತೆ ಅಂದುಕೊಂಡಿದ್ದನೋ ಅದು ಇಲ್ಲಿ ಆಗುತ್ತೆ. ಆದರೆ ಮುಕ್ಕಾಲು ಪಾಲು ಜನ ಫೈಲ್_ಎನಿ_ಆ್ಯಕ್ಸೆಸ್ (ಯಾವ ಹಕ್ಕಿದ್ದರೂ ಸರಿ) ಅಂತ ಕಾಪಿ ಹೊಡೆದಿರ್ತಾರೆ, ಆಗ ನಾವೂ ನೀವೂ ಒಂದೇ.

ಬಿಸಿಲೂರ ಹುಡುಗ, ಕಲಬುರಗಿ

ಎಲ್ಲಾ ಹಾಕಿದೆ. ಈಗಿನ ಸ್ಥಿತಿ: ನೋಡ್ 0640, ಮಾಲೀಕ ರೂಟ್, ಗ್ರೂಪ್ ತೂಕ. ಮುನೀಮರಿಗೆ ಸುಡೋ ಇಲ್ಲದ ಬೇರೆ ಯೂಸರ್. ಕ್ಯಾಲಿಬ್ರೇಷನ್ ಸಂಖ್ಯೆ ಮಾಡ್ಯೂಲ್‌ನ ಮೆಮೊರಿಯಲ್ಲಿ ಇರೋದರಿಂದ ರೀಬೂಟ್ ಆದರೆ ಹೋಗುತ್ತೆ, ಅದಕ್ಕೆ ರೂಟ್‌ನ ಒಂದು ಸಿಸ್ಟಮ್‌ಡಿ ಸರ್ವಿಸ್ ಮಾಡಿ ಬೂಟ್‌ನಲ್ಲಿ ಹಾಕಿಸುತ್ತಿದ್ದೇನೆ.

ನಡುವೆ ಒಂದು ಫಜೀತಿ ಆಯಿತು. 0640 ಮಾಡಿದ ಕೂಡಲೇ ಬಿಲ್ ಪ್ರೋಗ್ರಾಂ ತೆರೆಯೋದನ್ನೇ ನಿಲ್ಲಿಸಿತು, ಮತ್ತೆ ಅದೇ ಡಿನೈಡ್. ಹೊರಗೆ ತೊಗರಿ ಲೋಡಿನ ಟ್ರ್ಯಾಕ್ಟರ್ ನಿಂತಿದೆ, ಮಾವ ನನ್ನನ್ನೇ ನೋಡುತ್ತಿದ್ದಾರೆ, ನಾನು ಯುಡೆವ್ ರೂಲ್ ಹಿಡಿದು ಜಗ್ಗಾಡುತ್ತಿದ್ದೇನೆ. ರೂಲ್ ಸರಿಯಾಗೇ ಇತ್ತು. ಪೈಥಾನ್‌ನಲ್ಲಿ ನಾನೇ ಓ_ಆರ್‌ಡಿಡಬ್ಲ್ಯೂಆರ್ ಅಂತ ತೆರೆದಿದ್ದೆ, ಅಂದರೆ ಬರೆಯೋಕೂ ಬೇಕು ಅಂತ ಕೇಳುತ್ತಿದ್ದೆ. ಓ_ಆರ್‌ಡಿಓನ್ಲಿ ಮಾಡಿದೆ, ತೆರೆಯಿತು. ಬಂದ ಎರರ್ ನಂಬರೂ ಬೇರೆ ಬೇರೆ ಅಂತ ಆಗ ಗಮನಿಸಿದೆ: ಓಪನ್‌ನಲ್ಲಿ ತಡೆದರೆ 13, ಒಳಗೆ ಬಂದ ಮೇಲೆ ನನ್ನ ಐಓಕ್ಟಲ್ ಚೆಕ್ ತಡೆದರೆ 1. ಇದು ಮೊದಲೇ ಗೊತ್ತಿದ್ದರೆ ಟ್ರ್ಯಾಕ್ಟರ್‌ನವನ ಬೈಗುಳ ಉಳಿಯುತ್ತಿತ್ತು.

ಮುನೀಮರು ಕ್ಯಾಲಿಬ್ರೇಷನ್ ಬಟನ್ ಒತ್ತಿ ನೋಡಿದರು. ನಿಮಗೆ ಅನುಮತಿ ಇಲ್ಲ ಅಂತ ಬಂತು. ಮೂವತ್ತು ವರ್ಷದಿಂದ ಇದ್ದೀನಿ, ನನಗೇ ಅನುಮತಿ ಇಲ್ಲವಾ ಅಂತ ಮುಖ ದಪ್ಪ ಮಾಡಿಕೊಂಡರು. ಅವರ ಸ್ಕ್ರೀನ್‌ನಿಂದ ಆ ಬಟನ್ನೇ ತೆಗೆದುಬಿಟ್ಟೆ.

ಭೀಮಾ ತೀರದವಳು, ಯಾದಗಿರಿ

ಒಳ್ಳೇದು ಮಾಡಿದೆ. ಅಂದ ಹಾಗೆ, ಸುಡೋ ಕೊಟ್ಟಿದ್ದಾಗ ರೂಟ್ ಹೆಸರಲ್ಲಿ ಸೇವ್ ಆಗಿದ್ದ ಹಳೇ ಬಿಲ್ಲುಗಳಿಗೆ ಸಿಎಚ್‌ಓನ್ ಹೊಡೆದು ಮಾಲೀಕರನ್ನು ಬದಲಾಯಿಸಿದೆಯಾ?

ಬಿಸಿಲೂರ ಹುಡುಗ, ಕಲಬುರಗಿ

ಅಯ್ಯೋ. ಇಲ್ಲ ಅಕ್ಕಾ. ಈಗ ಹೋಗ್ತೀನಿ ಮಿಲ್ಲಿಗೆ.